ನಾನು ಪಾರ್ಸೆಲ್ ಹಂಚುವ ಪಾರ್ಟ್ನರ್

ಮನೆಮನೆಗೆ ಪಾರ್ಸೆಲ್ ಹಂಚುವವರ ಪಾಲಿಗೆ ನಗುವಂಥದ್ದು ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ಕಷ್ಟ ಏನೆಂದರೆ, ನಡೆಯುವ ಹೊತ್ತಿಗೆ ಎದೆ ಡವಡವ ಅನ್ನುತ್ತಿರುತ್ತದೆ. ನಗು ಬರುವುದು ಮಾರನೆಯ ದಿನ.

ಬಳ್ಳಾರಿಯಲ್ಲಿ ಹದಿನಾರು ವರ್ಷ ಜೀನ್ಸ್ ಪ್ಯಾಂಟಿಗೆ ಜಿಪ್ ಹಚ್ಚಿದವಳು ನಾನು. ಹೊಲಿಗೆ ಘಟಕ ಬಾಗಿಲು ಹಾಕಿದ ಮೇಲೆ ಸ್ಕೂಟಿ ಹತ್ತಿದೆ. ಪಾರ್ಸೆಲ್ ಕಂಪನಿಯವರು ನಮ್ಮನ್ನು ಕೆಲಸದವರು ಅನ್ನುವುದಿಲ್ಲ, ಪಾರ್ಟ್ನರ್ ಅನ್ನುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ ಅವರಿಗೆ ಭಾರಿ ಖುಷಿ. ಹಾಗಾದರೆ ಕಂಪನಿಯಲ್ಲಿ ಅರ್ಧ ನಮ್ಮದೇ ಏನು ಎಂದು ಕೇಳಿದರು. ನಾನು ಬಿಡಿಸಿ ಹೇಳಿದೆ. ಪಾರ್ಟ್ನರ್ ಅಂದರೆ ರಜೆ ಇಲ್ಲ, ಬಿದ್ದರೆ ಎತ್ತುವವರಿಲ್ಲ, ಎಷ್ಟು ದುಡಿದರೂ ಇನ್ನೂ ಬೇಗ ಅನ್ನುತ್ತಾರೆ, ತಪ್ಪಾದರೆ ಒಂದು ಮಾತೂ ಕೇಳದೆ ಹೊರಗೆ ಹಾಕುತ್ತಾರೆ. 

"ಹಂಗಾರ ಅದು ಸೊಸಿ ಆದಂಗ ಐತಿ ಬಿಡು," ಅಂದರು ಅತ್ತೆ.

ಮುಖದ ಪರೀಕ್ಷೆ

ನಮ್ಮ ಕೆಲಸವೆಲ್ಲ ಫೋನಿನಲ್ಲಿರುವ ಆ್ಯಪ್ ಹೇಳಿದಂತೆ. ಅದರಲ್ಲಿ ನಮಗೊಂದು ಐಡಿ ಇರುತ್ತದೆ. ಐಡಿ ಬಂದ್ ಆದರೆ ಕೆಲಸ ಹೋದಂತೆ. ಯಾರ ಮುಂದೆ ಹೋಗಿ ಅಳಬೇಕೆಂಬುದೂ ತಿಳಿಯುವುದಿಲ್ಲ, ಯಾಕೆಂದರೆ ಕೆಲಸದಿಂದ ತೆಗೆದದ್ದು ಫೋನು.

ಒಬ್ಬರ ಐಡಿಯಲ್ಲಿ ಇನ್ನೊಬ್ಬರು ದುಡಿಯುತ್ತಿದ್ದಾರೋ ಎಂದು ಆ ಆ್ಯಪ್‌ಗೆ ಆಗಾಗ ಅನುಮಾನ ಬರುತ್ತದೆ. ಬಂದಾಗ ಎಲ್ಲಿದ್ದರೂ ನಿಂತು, ಐದು ನಿಮಿಷದೊಳಗೆ ಸೆಲ್ಫಿ ತೆಗೆದು ಕಳಿಸಬೇಕು. ಮೂರು ಸಲ ಮುಖ ಹೊಂದದಿದ್ದರೆ ಐಡಿ ಬಂದ್.

ಒಂದು ಬೇಸಿಗೆಯ ಮಧ್ಯಾಹ್ನ ಕೌಲ್ ಬಜಾರಿನ ಸಂದಿಯೊಂದರಲ್ಲಿ ಹೋಗುತ್ತಿದ್ದಾಗ ಅದಕ್ಕೆ ನನ್ನ ಮೇಲೆ ಅನುಮಾನ ಬಂತು. ಹೆಲ್ಮೆಟ್ ತೆಗೆದೆ, ಮುಖಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿದೆ, ಫೋಟೋ ಕಳಿಸಿದೆ. ಮುಖ ಹೊಂದುತ್ತಿಲ್ಲ ಎಂದು ಬಂತು. ನೆರಳಿಗೆ ಸರಿದು ಇನ್ನೊಂದು ಕಳಿಸಿದೆ. ಅದೂ ಹೊಂದಲಿಲ್ಲ.

ಆಗ ಹೊಳೆಯಿತು. ಕೆಲಸಕ್ಕೆ ಸೇರುವಾಗ ನಾನು ಕೊಟ್ಟದ್ದು ನಾದಿನಿಯ ಮದುವೆಯಲ್ಲಿ ತೆಗೆಸಿದ ಫೋಟೋ. ಪೌಡರು, ಕಾಡಿಗೆ, ದೊಡ್ಡ ಕುಂಕುಮ, ತಲೆ ತುಂಬ ಮಲ್ಲಿಗೆ. ಈಗ ಫೋನಿಗೆ ಕಾಣುತ್ತಿದ್ದದ್ದು ಬರೀ ಬಳ್ಳಾರಿಯ ಬಿಸಿಲು ಮತ್ತು ಧೂಳು.

ಮೂರು ನಿಮಿಷ ಉಳಿದಿತ್ತು. ಎದುರಿಗೆ ಒಂದು ಬಳೆ ಅಂಗಡಿ. ಅಂಗಡಿಯ ಒಡತಿ ಆಪಾಗೆ ಮದುವೆಯ ಫೋಟೋ ತೋರಿಸಿ, ಮೂರು ನಿಮಿಷದಲ್ಲಿ ನನ್ನನ್ನು ಹೀಗೆ ಮಾಡಿ, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದೆ. ಆಕೆ ಯಾಕೆ ಏನು ಎಂದು ಕೇಳಲಿಲ್ಲ. ಕೊಡದ ನೀರು ಸುರಿದು ಮುಖ ತೊಳೆಸಿ, ತನ್ನ ಸೆರಗಿನಿಂದಲೇ ಒರೆಸಿ, ಪೌಡರು ಬಡಿದು, ಕಾಡಿಗೆ ಎಳೆದು, ಸ್ಟಿಕ್ಕರ್ ಕುಂಕುಮ ಅಂಟಿಸಿ, ಮಾರಾಟಕ್ಕಿದ್ದ ಪ್ಲಾಸ್ಟಿಕ್ ಮಲ್ಲಿಗೆ ಮುಡಿಸಿದರು. ಬಳೆ ತೊಡಿಸಿಕೊಳ್ಳಲು ಬಂದವರೆಲ್ಲ ಕೈ ಮುಂದೆ ಚಾಚಿಕೊಂಡೇ ನೋಡುತ್ತಿದ್ದರು.  ಫೋಟೋ ತೆಗೆಯಲು ಫೋನನ್ನೂ ಆಪಾನೇ ಇಸಿದುಕೊಂಡರು.

"ನಗಬ್ಯಾಡ. ಆ ಫೋಟೋದಾಗ ನೀ ನಕ್ಕಿಲ್ಲ," ಅಂದರು.

ಹಸಿರು ಗುರುತು ಬಂತು.  ಮುಖ ತೊಳೆದುಕೊಳ್ಳಲು ಧೈರ್ಯವಾಗಲಿಲ್ಲ. ಮತ್ತೆ ಅನುಮಾನ ಬಂದರೆ? ಉಳಿದ ಪಾರ್ಸೆಲ್‌ಗಳನ್ನೆಲ್ಲ ಅದೇ ಅಲಂಕಾರದಲ್ಲಿ ಹಂಚಿ, ಸಂಜೆ ಹೋಗಿ ಮನೆಯ ಬಾಗಿಲು ತಟ್ಟಿದೆ. ಅತ್ತೆ ಬಾಗಿಲು ತೆರೆದು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು.

"ಯಾರು ಬೇಕಾಗಿತ್ರಿ? ನಮ್ ಸೊಸಿ ಇನ್ನಾ ಬಂದಿಲ್ಲ."

ಗುಟ್ಟಿನ ನಂಬರು

ಕುರುಗೋಡಿನಲ್ಲಿ ಒಬ್ಬರು ನಿವೃತ್ತ ಮಾಸ್ತರು. ಅವರ ಹೆಂಡತಿಗೆ ಕಿವಿ ಕೇಳಿಸುವುದಿಲ್ಲವೆಂದು ಹುಬ್ಬಳ್ಳಿಯಲ್ಲಿರುವ ಮಗಳು ಕಿವಿಯ ಮಷಿನ್ ತರಿಸಿದ್ದಳು. ಬೆಲೆಬಾಳುವ ವಸ್ತು. ಪಡೆಯುವವರ ಫೋನಿಗೆ ಬಂದ ಓಟಿಪಿ ನಂಬರನ್ನು ನಮ್ಮ ಆ್ಯಪ್‌ನಲ್ಲಿ ಒತ್ತದ ಹೊರತು ಕೊಡುವಂತಿಲ್ಲ. ಆ ನಂಬರು ಮಾಸ್ತರ ಫೋನಿಗೆ ಬಂದಿತ್ತು.

ನಂಬರು ಹೇಳಿ ತಾತಾ ಎಂದೆ. ಮಾಸ್ತರ ಮುಖ ಸಣ್ಣದಾಯಿತು. ಹಿಂದೊಮ್ಮೆ ಯಾರೋ ಫೋನಿನಲ್ಲಿ ಇಂಥದೇ ನಂಬರು ಕೇಳಿ ಮೋಸ ಮಾಡಿದ್ದರಂತೆ. ಇನ್ನು ಹುಟ್ಟಿಸಿದ ದೇವರು ಬಂದು ಕೇಳಿದರೂ ಹೇಳಕೂಡದೆಂದು ಮಗಳು ಆಣೆ ಹಾಕಿಸಿಕೊಂಡಿದ್ದಳು. ಇದು ಆ ನಂಬರಲ್ಲ, ಬೇರೆ ಎಂದೆ. ಮೋಸ ಮಾಡಿದವರೂ ಹಾಗೇ ಹೇಳಿದ್ದರು ಎಂದರು. ಮಗಳಿಗೆ ಫೋನು ಹಚ್ಚಿದರೆ ಆಕೆ ಎತ್ತಲಿಲ್ಲ.

ಚೀಲದಲ್ಲಿ ಇನ್ನೂ ಹನ್ನೊಂದು ಪಾರ್ಸೆಲ್. ತಡವಾಗುತ್ತಿದೆ ಎಂದು ಆ್ಯಪ್ ನಿಮಿಷಕ್ಕೊಮ್ಮೆ ಚುಚ್ಚುತ್ತಿತ್ತು. ವಾಪಸ್ ಒಯ್ದರೆ ನನಗೆ ಕಪ್ಪು ಚುಕ್ಕೆ, ಅವರ ಹೆಂಡತಿಗೆ ಮತ್ತೆ ಹತ್ತು ದಿನ ಕಿವಿ ಇಲ್ಲ. ಒಮ್ಮೆ ಮೋಸ ಹೋದವರನ್ನು ಗದರಿಸಲೂ ಮನಸ್ಸು ಬರಲಿಲ್ಲ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನನ್ನ ಫೋನನ್ನು ಅವರ ಕೈಗೆ ಕೊಡುವುದು. ನಂಬರನ್ನು ಅವರೇ ಒತ್ತುವುದು. ಅಲ್ಲಿಯವರೆಗೆ ನಾನು ಗೋಡೆಯ ಕಡೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುವುದು.

ನಿಂತೆ. ಮಾಸ್ತರ ಫೋನು ಒಳಗೆ ಹೆಂಡತಿಯ ಕೈಯಲ್ಲಿತ್ತು. ಆಮೇಲೆ ನಡೆದದ್ದನ್ನು ಎದುರುಮನೆಯಾಕೆ ನನಗೆ ಹೇಳಿದಳು. ಮಾಸ್ತರು ಅಂಗಳದಿಂದಲೇ, ಏನು ನಂಬರು ಬಂದಿದೆ ನೋಡು ಎಂದು ಕೂಗಿದರು. ಹೆಂಡತಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದರು. ಕಿವಿ ಕೇಳದವರು ಮಾತಾಡುವುದೂ ಜೋರಾಗಿಯೇ. ಆಕೆ ಒಂದೊಂದೇ ಅಂಕಿಯನ್ನು ಊರಿಗೆ ಡಂಗುರ ಸಾರಿದಂತೆ ಓದಿದರು. ಮಾಸ್ತರು ಹಳೆಯ ರೂಢಿಯಂತೆ ಪ್ರತಿಯೊಂದನ್ನೂ ಎರಡು ಸಲ ತಿರುಗಿ ಹೇಳಿದರು. ನೀರು ಹಿಡಿಯುತ್ತಿದ್ದ ಹೆಂಗಸರು ಧ್ವನಿಗೂಡಿಸಿದರು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದವನೊಬ್ಬ, ಕೊನೆಯದು ಏಳಲ್ಲ ಎರಡು ಎಂದು ತಿದ್ದಿದ.

ಮಾಸ್ತರು ಬಂದು ಹೆಗಲು ತಟ್ಟಿದಾಗ ಕಿವಿಯಿಂದ ಬೆರಳು ತೆಗೆದೆ. ಅವರ ಮುಖದಲ್ಲಿ ಗೆದ್ದ ಕಳೆ.

"ನೋಡವ್ವ, ಯಾರಿಗೂ ಗೊತ್ತಾಗಲಿಲ್ಲ," ಅಂದರು.

ಆ ಓಣಿಯಲ್ಲಿ ಅದು ಗೊತ್ತಿಲ್ಲದವಳು ನಾನೊಬ್ಬಳೇ.

ಬೇವಿನ ಮರದ ಎದುರು

ಕುರುಗೋಡಿನಲ್ಲಾದ ತಡಕ್ಕೆ ಆ್ಯಪ್ ನನಗೊಂದು ಎಚ್ಚರಿಕೆ ಕೊಟ್ಟಿತು. ಅಂಥವು ಮೂರಾದರೆ ಐಡಿ ಬಂದ್. ಎರಡನೆಯದು ಬಂದದ್ದು ರೂಪನಗುಡಿಯಲ್ಲಿ.

ವಿಳಾಸದಲ್ಲಿ ಇದ್ದದ್ದು ಇಷ್ಟೇ: ದೊಡ್ಡ ಬೇವಿನ ಮರದ ಎದುರಿನ ಮನೆ. ಊರನ್ನು ಮೂರು ಸುತ್ತು ಹಾಕಿದೆ, ದೊಡ್ಡ ಬೇವಿನ ಮರ ಕಾಣಲಿಲ್ಲ. ಗಿರಾಕಿಗೆ ಫೋನು ಮಾಡಿದೆ, ಅವನು ಬಳ್ಳಾರಿಗೆ ಕೆಲಸಕ್ಕೆ ಹೋಗಿದ್ದ. ಹುಟ್ಟಿದಾಗಿನಿಂದ ಅದೇ ಮರ ನೋಡಿಕೊಂಡು ಬೆಳೆದಿದ್ದೇನೆ, ಯಾರನ್ನು ಕೇಳಿದರೂ ತೋರಿಸುತ್ತಾರೆ ಎಂದು ಅವನಿಗೆ ಸಿಟ್ಟು. ನಮ್ಮ ನಿಯಮದ ಪ್ರಕಾರ ಇನ್ನು ಎಂಟು ನಿಮಿಷದೊಳಗೆ ಕೊಡಬೇಕು. ದಾರಿಯಲ್ಲಿ ಸಿಕ್ಕ ಮುದುಕಿಯೊಬ್ಬಳನ್ನು ಕೇಳಿದೆ. ಆಕೆ ಬಳ್ಳಾರಿ ರಸ್ತೆಯ ಕಡೆ ಕೈ ತೋರಿಸಿ, ಬೇಗ ಹೋದರೆ ಸಿಗುತ್ತದೆ ಎಂದಳು.

ಮರ ಬೇಗ ಹೋದರೆ ಸಿಗುವುದು ಹೇಗೆ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಗಾಡಿ ಓಡಿಸಿದೆ. ಎರಡು ಕಿಲೋಮೀಟರ್ ಆಚೆ ಮರ ಸಿಕ್ಕಿತು. ಕಡಿದು ಟ್ರ್ಯಾಕ್ಟರಿಗೆ ಹೇರಿದ್ದರು, ಬಳ್ಳಾರಿಯ ಕಡೆ ಹೊರಟಿತ್ತು. ಅಡ್ಡ ಹಾಕಿ ನಿಲ್ಲಿಸಿ, ಇದರ ಎದುರಿನ ಮನೆ ಯಾವುದು ಎಂದು ಕೇಳಿದೆ.

ಡ್ರೈವರ್ ಬಹಳ ಹೊತ್ತು ಸುತ್ತಲಿನ ಹತ್ತಿ ಹೊಲಗಳನ್ನು ನೋಡಿದ. "ಸದ್ಯಕ್ಕ ಯಾವ್ದೂ ಇಲ್ರಿ ಅಕ್ಕ," ಅಂದ.

ಸಿರುಗುಪ್ಪದ ಮಿಲ್ಲಿನಲ್ಲಿ

ಎರಡು ಎಚ್ಚರಿಕೆಯ ಮೇಲೆ ದಿನ ನೂಕುತ್ತಿದ್ದೆ. ಆಗಲೇ ನಮ್ಮ ಗೋದಾಮಿನ ಸೂಪರ್‌ವೈಸರ್ ಒಂದು ಬೆಳಿಗ್ಗೆ ಸಿರುಗುಪ್ಪದ ಪಾರ್ಸೆಲ್ ಹಿಡಿದುಕೊಂಡು ಬಂದ. ಆ ದಾರಿ ನನ್ನದಲ್ಲ, ಆ ದಾರಿಯವನಿಗೆ ಜ್ವರ. ಅಂಗೈಯಗಲದ ಪೆಟ್ಟಿಗೆ, ಮಧ್ಯಾಹ್ನ ಹನ್ನೆರಡರೊಳಗೆ ಅಲ್ಲಿನ ಅಕ್ಕಿ ಮಿಲ್ಲಿಗೆ ಮುಟ್ಟಬೇಕು. ಒಲ್ಲೆ ಅಂದರೆ ಅದೇ ಮೂರನೆಯ ಎಚ್ಚರಿಕೆ ಆದೀತೆಂದು ಹೂಂ ಅಂದೆ.

ಅಷ್ಟು ದೂರ ಸ್ಕೂಟಿಯಲ್ಲಿ ಹೋಗುವುದು ಹುಡುಗಾಟವಲ್ಲ. ಒಂದು ಕಡೆ ಕುರಿ ಹಿಂಡು ರಸ್ತೆ ತುಂಬಿತ್ತು. ಇನ್ನೊಂದು ಕಡೆ ಭತ್ತ ಕೊಯ್ಯುವ ದೊಡ್ಡ ಮಷಿನ್ ಆನೆಯ ಹಾಗೆ ಮುಂದೆ ಮುಂದೆ ಹೋಗುತ್ತ ದಾರಿಯನ್ನೇ ಬಿಡಲಿಲ್ಲ. ಕಾಲುವೆಯ ಏರಿ ಹಿಡಿದು ಅದನ್ನು ದಾಟಿದೆ. ಮಿಲ್ಲು ಮುಟ್ಟಿದಾಗ ಹನ್ನೊಂದೂವರೆ.

ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಅಕ್ಕಿಯಲ್ಲಿ ಕಪ್ಪು ಕಾಳು ಆರಿಸುವ ಯಂತ್ರ ಕೆಟ್ಟು ಎರಡು ದಿನವಾಗಿತ್ತು. ಹೊರಗೆ ಲಾರಿಗಳ ಸಾಲು. ದುಡಿದರಷ್ಟೇ ಕೂಲಿ ಅನ್ನುವ ಹಮಾಲರು ನೆರಳಿನಲ್ಲಿ ಸುಮ್ಮನೆ ಕೂತಿದ್ದರು. ಯಂತ್ರ ರಿಪೇರಿಗೆ ಕೊರಿಯಾದಿಂದ ಒಬ್ಬರು ಬಂದಿದ್ದರು. ಐವತ್ತು ದಾಟಿದ ಸಣಕಲು ಮನುಷ್ಯ. ಪಾರ್ಸೆಲ್ ಅವರ ಹೆಸರಿಗೇ ಇತ್ತು.

ಅವರು ತಮ್ಮ ಭಾಷೆಯಲ್ಲಿ ಫೋನಿಗೆ ಹೇಳುವುದು, ಫೋನು ಅದನ್ನು ಕನ್ನಡದಲ್ಲಿ ನಮಗೆ ಹೇಳುವುದು. ಹಮಾಲನೊಬ್ಬ ನನ್ನ ಕೈಯಿಂದ ಪೆಟ್ಟಿಗೆ ಇಸಿದುಕೊಂಡದ್ದನ್ನು ನೋಡಿ ಅವರು ಗಾಬರಿಯಿಂದ ಏನೋ ಅಂದರು. ಫೋನು ಗಂಭೀರವಾಗಿ ನುಡಿಯಿತು.

"ದಯವಿಟ್ಟು ಅಲುಗಾಡಿಸಬೇಡಿ. ಆ ಪೆಟ್ಟಿಗೆಯಲ್ಲಿ ನನ್ನ ಕಣ್ಣು ಇದೆ."

ಹಮಾಲ ಪೆಟ್ಟಿಗೆಯನ್ನು ಮೆಲ್ಲಗೆ ನನ್ನ ಕೈಗೇ ವಾಪಸ್ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ನನಗೂ ಜುಮ್ಮೆಂದಿತು. ದಾರಿಯುದ್ದಕ್ಕೂ ಎಷ್ಟು ಹಂಪ್ ಎಗರಿಸಿದ್ದೆನೋ. ಅದು ಯಂತ್ರದೊಳಗೆ ಕೂರಿಸುವ ಕ್ಯಾಮೆರಾ ಎಂದು ಮಿಲ್ಲಿನ ಸಾಹುಕಾರರು ಬಿಡಿಸಿ ಹೇಳುವ ತನಕ ಯಾರೂ ಹತ್ತಿರ ಬರಲಿಲ್ಲ.

ಸಹಿ ಮಾಡಿ ಎಂದು ಫೋನು ಚಾಚಿದೆ. ಅವರು ತಲೆ ಅಲ್ಲಾಡಿಸಿದರು. ಕೂರಿಸಿ ನೋಡಿ, ಸರಿ ಇದ್ದರೆ ಮಾತ್ರ ಸಹಿಯಂತೆ. ಹನ್ನೆರಡರೊಳಗೆ ಸಹಿ ಬೀಳದಿದ್ದರೆ ನನ್ನ ಕಥೆ ಮುಗಿಯಿತು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಪ್ರಾಣ ಒತ್ತೆ ಇಟ್ಟು ತಂದಿದ್ದೇನೆ, ನನ್ನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಅವರ ಫೋನಿಗೇ ಗದರಿದೆ. ಅದು ಅವರಿಗೆ ಏನು ಹೇಳಿತೋ, ಅವರು ಗಾಬರಿಯಿಂದ ಎರಡೂ ಕೈ ಹಿಂದೆ ಕಟ್ಟಿಕೊಂಡು, ತಾನು ಯಾವತ್ತೂ ಹೆಂಗಸರ ಮೇಲೆ ಕೈ ಮಾಡಿದವನಲ್ಲ ಎಂದು ಹೇಳಿಸಿದರು.

ಆಮೇಲೆ ಮೆಲ್ಲಗೆ ವಿವರಿಸಿದರು. ಅವರೂ ಕಾಯಂ ನೌಕರರಲ್ಲ. ಯಂತ್ರ ಕೆಟ್ಟಾಗ ಕರೆಯುತ್ತಾರೆ, ಕರೆದಾಗ ಹೋಗಬೇಕು. ಒಡೆದ ಸಾಮಾನಿಗೆ ಸಹಿ ಮಾಡಿದರೆ ಮತ್ತೆ ಕರೆಯುವುದಿಲ್ಲ. ಮಾತಾಡುತ್ತಲೇ ಅವರ ಕೈ ತಿರುಪು ಬಿಚ್ಚುತ್ತಿತ್ತು. ನಾನು ಟಾರ್ಚ್ ಹಿಡಿದು ನಿಂತೆ. ನಡುವೆ ಒಮ್ಮೆ ಕೈ ಒರೆಸಿಕೊಂಡು ತಮ್ಮ ಮಗನ ಫೋಟೋ ತೋರಿಸಿದರು. ರೇನ್‌ಕೋಟ್ ಹಾಕಿಕೊಂಡು, ಹಿಂದೆ ಡಬ್ಬಿ ಕಟ್ಟಿದ ಬೈಕಿನ ಮೇಲೆ ಕೂತಿದ್ದ.

"ನನ್ನ ಮಗನೂ ನಿಮ್ಮಂತೆ ಮನೆಮನೆಗೆ ಓಡುತ್ತಾನೆ. ಅವನು ಹಿಂತಿರುಗುವವರೆಗೆ ಅವನ ತಾಯಿ ಊಟ ಮಾಡುವುದಿಲ್ಲ," ಎಂದಿತು ಫೋನು.

ಆವತ್ತು ಅದು ಒಂದಕ್ಷರವೂ ತಪ್ಪದೆ ಹೇಳಿದ್ದು ಇದೊಂದೇ ಇರಬೇಕು. ನನ್ನ ಸಿಟ್ಟು ಇಳಿಯಿತು. ಗಡಿಯಾರ ಮಾತ್ರ ನಿಲ್ಲಲಿಲ್ಲ.

ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಗುಂಡಿ ಒತ್ತಿದರು. ಯಂತ್ರ ಗುಯ್ಯೆಂದಿತು. ಒಂದು ಕಡೆ ಬೆಳ್ಳಗೆ ಅಕ್ಕಿ ಸುರಿಯಿತು, ಇನ್ನೊಂದು ಕಡೆ ಕಪ್ಪು ಕಾಳು ಟಪಟಪ ಹಾರಿ ಬಿತ್ತು. ಅವರು ಓಡಿ ಬಂದು ಸಹಿ ಹಾಕಿದರು. ಒಂದು ನಿಮಿಷ ಉಳಿದಿತ್ತು.

ಆಮೇಲೆ ಅವರು ನನ್ನೆದುರು ನಿಂತು, ನಡು ಬಗ್ಗಿಸಿ ನಮಸ್ಕಾರ ಮಾಡಿದರು. ಹಿರಿಯರು, ನಾನು ನೆಟ್ಟಗೆ ನಿಲ್ಲುವುದು ಹೇಗೆ? ಅವರಿಗಿಂತ ಕೆಳಗೆ ಬಗ್ಗಿದೆ. ಅವರು ಇನ್ನೂ ಬಗ್ಗಿದರು. ನಾನೂ ಬಿಡಲಿಲ್ಲ. ಯಂತ್ರಕ್ಕೆ ಪೂಜೆ ಶುರುವಾಯಿತೆಂದು ತಿಳಿದು ಹಮಾಲರು ತಲೆಯ ವಸ್ತ್ರ ತೆಗೆದು ಸಾಲಾಗಿ ಕೈಮುಗಿದು ನಿಂತರು. ಸಾಹುಕಾರರು ಅವಸರದಲ್ಲಿ ಒಳಗೆ ಹೋಗಿ ತೆಂಗಿನಕಾಯಿ ತಂದು ಒಡೆದರು.

ಮಾರನೆಯ ಬೆಳಿಗ್ಗೆ ಆ್ಯಪ್ ತೆರೆದರೆ ಐಡಿ ಬಂದ್.

ಗೋದಾಮಿಗೆ ಓಡಿದೆ. ಸೂಪರ್‌ವೈಸರ್ ಮುಖ ಬಾಡಿಸಿಕೊಂಡು ಕೂತಿದ್ದ. ಸಿರುಗುಪ್ಪದ ಗಿರಾಕಿ ನನ್ನ ಬಗ್ಗೆ ಯಾವುದೋ ಲಿಪಿಯಲ್ಲಿ ಬರೆದಿದ್ದಾರೆ, ಮೇಲಿನವರಿಗೆ ಓದಲು ಬರಲಿಲ್ಲ, ದೂರೆಂದು ತಿಳಿದು ಬಂದ್ ಮಾಡಿದ್ದಾರೆ ಎಂದ. ಹೊಗಳಿಕೆಯೂ ಇರಬಹುದಲ್ಲ ಎಂದೆ.

"ಇಷ್ಟುದ್ದ ಯಾರೂ ಹೊಗಳಂಗಿಲ್ಲ ಅಕ್ಕ. ಬೈಯೋರೇ ಹಿಂಗ ಬರಿಯೋದು," ಅಂದ.

ಹದಿನಾರು ವರ್ಷದ ಹೊಲಿಗೆಯೂ ಹೋಯಿತು, ಇದೂ ಹೋಯಿತು ಎಂದು ಪಾರ್ಸೆಲ್ ರಾಶಿಯ ಮೇಲೆ ಕೂತುಬಿಟ್ಟೆ. ನನ್ನ ಹಾಗೆಯೇ ಹಂಚುವ ಇನ್ನಿಬ್ಬರು ಬಂದು ಪಕ್ಕದಲ್ಲಿ ನಿಂತರು. ಮಿಲ್ಲಿನಲ್ಲಿ ಅವರ ಮಾತನ್ನು ಫೋನೇ ಕನ್ನಡ ಮಾಡಿತ್ತು ಎಂದೆ. ಸೂಪರ್‌ವೈಸರ್ ಆ ಬರಹದ ಮೇಲೆ ತನ್ನ ಫೋನು ಹಿಡಿದ. ಕನ್ನಡ ಮೂಡಿತು. ಅವನು ಗಟ್ಟಿಯಾಗಿ ಓದತೊಡಗಿದ.

"ಈ ಮಹಿಳೆ ಹೇಳಿದ ಸಮಯಕ್ಕೆ ಬಂದರು. ರಸ್ತೆ ಇಲ್ಲದ ಕಡೆಯಿಂದಲೂ ಬಂದರು. ನನ್ನನ್ನು ಬೈದರು, ನಂತರ ದೀಪ ಹಿಡಿದರು. ಇಂಥವರು ನಮ್ಮ ದೇಶದಲ್ಲಿ ಕಡಿಮೆಯಾಗಿದ್ದಾರೆ. ದಯವಿಟ್ಟು ಇವರನ್ನು ಕೊರಿಯಾಕ್ಕೆ ತಲುಪಿಸಿ."

 ಸೂಪರ್‌ವೈಸರ್ ಮೇಲಿನವರಿಗೆ ಫೋನು ಮಾಡಿ, ಅದನ್ನೇ ಎರಡು ಸಲ ಓದಿ ಹೇಳಿದ. ಅರ್ಧ ತಾಸಿನಲ್ಲಿ ಐಡಿ ತೆರೆಯಿತು. ನಾನು ಕಣ್ಣೊರೆಸಿಕೊಂಡು ಹೆಲ್ಮೆಟ್ ಹಾಕಿಕೊಂಡೆ.

"ಏನಂತೀರಿ ಅಕ್ಕ, ನಾಳಿಯಿಂದ ಕೊರಿಯಾ ರೂಟ್ ಹಾಕ್ಲೇನು?" ಅಂದ ಸೂಪರ್‌ವೈಸರ್.

ಸ್ಕೂಟಿ ಚಾಲೂ ಮಾಡಿದೆ. "ಲೊಕೇಶನ್ ಕಳಿಸ್ರಿ," ಅಂದೆ.