ಮೊದಲ ಸಲದ ‘ಬೇಡ’

ನಮ್ಮ ಕಡೆ ಯಾರು ಏನು ಕೊಟ್ಟರೂ ಮೊದಲು ‘ಬೇಡ’ ಎನ್ನಬೇಕು. ಇದನ್ನು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ. ಹಾಲುಹಲ್ಲು ಉದುರುವ ಹೊತ್ತಿಗೆ ತಾನಾಗಿಯೇ ಬಂದಿರುತ್ತದೆ. ಕಾಫಿ ಬೇಕಾದವನೂ ಬೇಡ ಎನ್ನುತ್ತಾನೆ, ಬೇಡವಾದವನೂ ಬೇಡ ಎನ್ನುತ್ತಾನೆ. ಯಾರದ್ದು ಯಾವ ಬೇಡ ಎಂದು ಪತ್ತೆ ಮಾಡುವುದು ಕೊಡುವವರ ಕೆಲಸ. ಈ ಏರ್ಪಾಡಿನಲ್ಲಿ ಯಾವ ದೋಷವೂ ಇಲ್ಲ ಎಂದೇ ತಿಳಿದು ಇಷ್ಟು ವರ್ಷ ಸುಖವಾಗಿದ್ದ ನಾನು, ಕಳೆದ ಬೇಸಿಗೆಯಲ್ಲಿ ಒಂದು ಬೇಡ ಹೇಳಿ ಎಂಥ ಫಜೀತಿಗೆ ಬಿದ್ದೆನೆಂದರೆ, ಈಗ ಯಾರಾದರೂ ‘ಬಿಸಿಲು ಜಾಸ್ತಿ ಅಲ್ವಾ?’ ಎಂದು ಕೇಳಿದರೂ ಒಂದು ಗಳಿಗೆ ಯೋಚಿಸಿಯೇ ಬಾಯಿ ಬಿಡುತ್ತೇನೆ.

ಬೇಡದ ಬಗ್ಗೆ ಮಾತಾಡಲು ನನಗೆ ತಕ್ಕಮಟ್ಟಿನ ಅಧಿಕಾರವಿದೆ. ನಾನು ಸರ್ವೆ ಇಲಾಖೆಯಲ್ಲಿದ್ದವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಜಮೀನು ಅಳೆಯುತ್ತಾ, ಅಳೆದದ್ದಕ್ಕಿಂತ ಹೆಚ್ಚು ಕಾಫಿ ಕುಡಿಯುತ್ತಾ ಪೆನ್ಷನ್ನಿನವರೆಗೆ ಬಂದವನು. ಹಾಗಾಗಿ ಊರೂರಿನ ರಿವಾಜು ಗೊತ್ತು. ಕಿಗ್ಗದ ಕಡೆ ಮೂರು ಸಲ ಕೇಳುತ್ತಾರೆ. ಮೊದಲ ಎರಡಕ್ಕೆ ಬೇಡ ಎಂದು, ಮೂರನೆಯದಕ್ಕೆ ‘ಹಾಗಾದ್ರೆ ಅರ್ಧ ಲೋಟ’ ಎಂದರೆ ಪೂರ್ತಿ ಲೋಟ ಬರುತ್ತದೆ. ಸೀತೂರಿನ ಕಡೆ ಕೇಳುವ ಗೋಜಿಗೇ ಹೋಗುವುದಿಲ್ಲ. ಲೋಟ ತಂದು ಕೈಗಿಡುತ್ತಾರೆ, ನಾವು ಬೇಡ ಬೇಡ ಎನ್ನುತ್ತಾ ಕುಡಿಯುತ್ತೇವೆ. ನನಗೆ ಮೋಸವಾದದ್ದು ಒಮ್ಮೆ ಮಾತ್ರ, ಬಸರೀಕಟ್ಟೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ. ಅಲ್ಲಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರು ಬೇರೆ ಸೀಮೆಯವನು. ‘ಕಾಫಿ ತಗೋತೀರಾ?’ ಎಂದ. ನಾನು ಪದ್ಧತಿಯಂತೆ ಬೇಡ ಎಂದೆ. ‘ಓ, ಸರಿ’ ಎಂದು ತಾನೊಬ್ಬನೇ ಕುಡಿದ. ಕಾಫಿ ತೋಟದ ನಡುವೆ ಕೂತು, ಕಾಫಿಯ ವಾಸನೆ ಕುಡಿದು, ತಲೆನೋವು ಹೊತ್ತುಕೊಂಡು ಜೀಪು ಹತ್ತಿದೆ. ಇಂಥ ಮನುಷ್ಯರೂ ಲೋಕದಲ್ಲಿ ಇದ್ದಾರಲ್ಲ ಎಂದು ದಾರಿಯುದ್ದಕ್ಕೂ ಆಶ್ಚರ್ಯಪಟ್ಟೆ.

ಇದಲ್ಲದೆ ನಾನು ಬಡಿಸುವವನು. ನಮ್ಮಲ್ಲಿ ಮದುವೆ, ಮುಂಜಿಗಳಿಗೆ ಈಗೀಗ ಕೇಟರಿಂಗಿನವರು ಬಂದಿದ್ದರೂ, ಸಿಹಿ ಬಡಿಸಲು ಮನೆಯವರೇ ಇಳಿಯಬೇಕೆಂಬುದು ಉಳಿದುಕೊಂಡಿದೆ. ಪಾಯಸದ ಪಾತ್ರೆ ಎಂದರೆ ನೆಂಟರಿಷ್ಟರೆಲ್ಲ ನನ್ನ ಮುಖ ನೋಡುತ್ತಾರೆ. ಯಾಕೆಂದರೆ ನಾನು ಕೈ ನೋಡಿ ಬಡಿಸುತ್ತೇನೆ. ನಿಜವಾಗಿ ಸಾಕಾದವನು ಮೈ ಬಗ್ಗಿಸಿ ಎರಡೂ ಅಂಗೈಗಳನ್ನು ಎಲೆಗೆ ಅಡ್ಡ ಹಿಡಿಯುತ್ತಾನೆ. ಸಂಕೋಚಕ್ಕೆ ಸಾಕು ಎನ್ನುವವನು ಒಂದೇ ಕೈ ಹಿಡಿಯುತ್ತಾನೆ, ಅದೂ ಬೆರಳುಗಳ ನಡುವೆ ಪಾಯಸ ಇಳಿಯುವಷ್ಟು ಸಂದು ಬಿಟ್ಟು. ಈ ಶಾಸ್ತ್ರವನ್ನು ನಾನು ಮನೆಯಲ್ಲಿ ಆಗಾಗ ಉಪನ್ಯಾಸದ ಧಾಟಿಯಲ್ಲಿ ವಿವರಿಸುವುದುಂಟು. ನನ್ನ ಹೆಂಡತಿ ಜಲಜಾಕ್ಷಿ ಕೇಳಿಸಿಕೊಂಡು, ‘ಹೌದು, ಊರವರ ಕೈಯೆಲ್ಲ ನಿಮಗೆ ಗೊತ್ತಾಗ್ತದೆ’ ಎನ್ನುತ್ತಾಳೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮಗೆ ಒಬ್ಬಳೇ ಮಗಳು, ಶ್ರೀಲತಾ. ಕೆನಡಾದಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಪ್ರಶಾಂತ ಸೀತೂರಿನವನು. ಅಲ್ಲಿ ದೊಡ್ಡ ಲಾರಿ ಓಡಿಸುತ್ತಾನೆ. ಎಷ್ಟು ದೊಡ್ಡದೆಂದರೆ, ಅದು ನಮ್ಮ ಕೊಪ್ಪದ ಬಸ್‌ಸ್ಟ್ಯಾಂಡಿನೊಳಗೆ ಬಂದರೆ ತಿರುಗಿಸಲಾಗದೆ ಅಲ್ಲಿಯೇ ಸಂಸಾರ ಹೂಡಬೇಕಾದೀತು. ಅವರಿಗೊಂದು ಹೆಣ್ಣು ಮಗು, ಇಂಚರ. ಎರಡು ವರ್ಷದ ಹಿಂದೆ ಮೂವರೂ ಬಂದಿದ್ದಾಗ ನಾನು ಮೊಮ್ಮಗಳಿಗೆ ಕಾಶಿ ಹಲ್ವಾ ಕೊಡಲು ಹೋದೆ. ಅವಳು ‘ಬೇಡ’ ಎಂದಳು. ಪರವಾಗಿಲ್ಲ, ನಮ್ಮ ರಕ್ತವೇ ಎಂದು ಖುಷಿಪಟ್ಟು ಒಂದು ಚಮಚ ತಟ್ಟೆಗೆ ಹಾಕಿದೆ. ಮಗು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿ, ‘ಅಜ್ಜ, ನಾನು ಬೇಡ ಅಂದೆ!’ ಎಂದು ಹೋ ಎಂದು ಅತ್ತಿತು. ‘ಅವಳಿಗೆ ಬೇಡ ಅಂದ್ರೆ ಬೇಡವೇ ಅಪ್ಪಯ್ಯ’ ಎಂದಳು ಮಗಳು. ಪಕ್ಕದಲ್ಲಿ ಕೂತಿದ್ದ ಅಳಿಯ ಆ ಹಲ್ವಾವನ್ನು ತನ್ನ ತಟ್ಟೆಗೆ ಎಳೆದುಕೊಂಡು, ‘ಮಾವ, ಅಲ್ಲಿ ಯಾರೂ ಎರಡನೇ ಸಲ ಕೇಳೂದಿಲ್ಲ. ಹೋದ ಹೊಸತರಲ್ಲಿ ಯಾರ ಮನೆಗೆ ಹೋದ್ರೂ ಬೇಡ ಬೇಡ ಅಂತ ಹೇಳಿ ಉಪವಾಸ ವಾಪಸ್ ಬರ್ತಿದ್ದೆ ಮಾರಾಯ್ರೆ’ ಎಂದ. ನಾವೆಲ್ಲ ನಕ್ಕೆವು. ನಕ್ಕವರಲ್ಲಿ ನಾನೇ ಜೋರಾಗಿ ನಕ್ಕವನು.

ಕಳೆದ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಮಗಳ ವಿಡಿಯೋ ಕಾಲ್ ಬಂತು. ಮುಖ ಹೊಳೆಯುತ್ತಿತ್ತು. ‘ಅಪ್ಪಯ್ಯ, ತಂದೆ ತಾಯಿಯನ್ನ ಇಲ್ಲಿಗೇ ಕರೆಸ್ಕೊಳ್ಳೋದಕ್ಕೆ ಎಂದೋ ಹೆಸರು ಕೊಟ್ಟಿದ್ದೆ. ಈಗ ಅರ್ಜಿ ಹಾಕಿ ಅಂತ ಇಲ್ಲಿನ ಸರ್ಕಾರದಿಂದ ಕರೆ ಬಂದಿದೆ. ಎಲ್ಲರಿಗೂ ಬರೂದಿಲ್ಲ. ಬೇಗ ಹಾಕ್ಬೇಕು. ಹಾಕ್ಲಾ?’ ಎಂದಳು. ಕರೆಸಿಕೊಂಡ ಮೇಲೆ ಇಪ್ಪತ್ತು ವರ್ಷ ನಮ್ಮ ಖರ್ಚುವೆಚ್ಚಕ್ಕೆಲ್ಲ ತಾನೇ ಹೊಣೆ ಎಂದು ಮಗಳು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕಂತೆ. ಇಪ್ಪತ್ತು ವರ್ಷ ಎಂದ ಕೂಡಲೇ ನನಗೆ ಆ ಸರ್ಕಾರದ ಮೇಲೆ ಪ್ರೀತಿಯೇ ಬಂತು. ನಮ್ಮ ಊರಿನ ಡಾಕ್ಟರು ನನ್ನ ಬಿ.ಪಿ. ನೋಡಿ ಮುಂದಿನ ತಿಂಗಳು ಬನ್ನಿ ಎನ್ನುವುದಕ್ಕೇ ಅನುಮಾನಿಸುತ್ತಾರೆ. ನನ್ನನ್ನು ಕಣ್ಣಲ್ಲೂ ಕಾಣದ ಸರ್ಕಾರವೊಂದು ನನ್ನ ಮೇಲೆ ಇಷ್ಟು ಭರವಸೆ ಇಟ್ಟಿದೆ!

ನಿಜ ಹೇಳುತ್ತೇನೆ, ನನಗೆ ಹೋಗಬೇಕೆಂದು ತುಂಬ ಆಸೆಯಿತ್ತು. ಮೊಮ್ಮಗಳು ಶಾಲೆಗೆ ಹೊರಡುವುದನ್ನು ಬಾಗಿಲಲ್ಲಿ ನಿಂತು ನೋಡಬೇಕು, ಅಳಿಯನ ಲಾರಿಯಲ್ಲಿ ಒಮ್ಮೆ ಮುಂದಿನ ಸೀಟಿನಲ್ಲಿ ಕೂರಬೇಕು, ಬೇಲಿಯೇ ಇಲ್ಲವಂತೆ ಅಲ್ಲಿನ ಮನೆಗಳಿಗೆ, ಹಾಗಾದರೆ ಅಕ್ಕಪಕ್ಕದವರು ಯಾವುದಕ್ಕೆ ಜಗಳವಾಡುತ್ತಾರೆ ಎಂದು ಒಬ್ಬ ಸರ್ವೆಯರಾಗಿ ತಿಳಿದುಕೊಳ್ಳಬೇಕು. ಮನಸ್ಸು ಆಗಲೇ ಪೆಟ್ಟಿಗೆ ಕಟ್ಟುತ್ತಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, ‘ಎಂತಕ್ಕೆ ಮಾರಾಯ್ತಿ, ಸುಮ್ನೆ ನಿಮಗೆ ತೊಂದ್ರೆ. ನಮಗಿಬ್ಬರಿಗೂ ಇಲ್ಲೇ ಆರಾಮ. ಬೇಡ’ ಎಂದಿತು. ಹೇಳಿ, ಎರಡನೆಯ ಸಲ ಕೇಳುವುದಕ್ಕೆಂದು ಬಿಡುವು ಕೊಟ್ಟು ಕಾದೆ. ಮಗಳ ಮುಖದ ಹೊಳಪು ಹೋಯಿತು. ‘ಓ. ಸರಿ ಅಪ್ಪಯ್ಯ’ ಎಂದಳು. ಆ ‘ಓ, ಸರಿ’ಯನ್ನು ನಾನು ಹಿಂದೆ ಎಲ್ಲಿ ಕೇಳಿದ್ದೆ ಎಂದು ನೆನಪಾಗುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಮುಂದಿನ ಭಾನುವಾರ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಅದರ ಮುಂದಿನ ವಾರವೂ ಮಾವಿನ ಮಿಡಿ ಉಪ್ಪಿನಕಾಯಿಯ ಬಗ್ಗೆ ಮಾತಾಡಿ ಮುಗಿಸಿದಳು. ನಾನಾಗಿ ‘ಬರುತ್ತೇವೆ’ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಪಂಕ್ತಿಯಲ್ಲಿ ಕೂತವನು ಮುಂದೆ ಹೋದ ಪಾಯಸದವನನ್ನು ಕೂಗಿ ಕರೆದದ್ದನ್ನು ನೀವು ನೋಡಿದ್ದೀರಾ? ನಾನು ನೋಡಿಲ್ಲ. ಕರೆಯುವುದಿಲ್ಲ, ಅವನು ಮತ್ತೆ ಈ ಕಡೆ ಬರುವಾಗ ಎಲೆಯಲ್ಲಿ ಸ್ವಲ್ಪ ಜಾಗ ಮಾಡಿಟ್ಟುಕೊಂಡು, ಬೇರೆ ಕಡೆ ನೋಡುತ್ತಾ ಕೂರುತ್ತೇವೆ.

ನಾನೂ ಹಾಗೆಯೇ ಜಾಗ ಮಾಡತೊಡಗಿದೆ. ವಿಡಿಯೋದಲ್ಲಿ ಕಾಣುವ ಹಾಗೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ದೇವರ ಪಟಗಳಂತೆ ನಿಲ್ಲಿಸಿದೆ. ‘ಅಲ್ಲಿ ಚಳಿಗೆ ಪಂಚೆ ಆಗ್ತದಾ, ಇಲ್ಲ ಪ್ಯಾಂಟೇ ಹಾಕ್ಬೇಕಾ? ಸುಮ್ನೆ ಕೇಳಿದ್ದು’ ಎಂದು ವಿಚಾರಿಸಿದೆ. ವಿಮಾನದಲ್ಲಿ ಏಲಕ್ಕಿ ಬಿಡುತ್ತಾರೋ ಎಂದು ಲೋಕಜ್ಞಾನಕ್ಕೆಂಬಂತೆ ಕೇಳಿದೆ. ಕೊನೆಗೊಂದು ಭಾನುವಾರ, ಬಾಳೆಹೊನ್ನೂರಿನಿಂದ ತಂದ ಉಣ್ಣೆಯ ಮಂಗನ ಟೊಪ್ಪಿಯನ್ನು ಹಾಕಿಕೊಂಡು ಫೋನಿನ ಮುಂದೆ ಕೂತೆ. ಬೇಸಿಗೆಯ ಸೆಖೆ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿತ್ತು. ಮಗಳು ಗಾಬರಿಯಾಗಿ, ‘ಅಪ್ಪಯ್ಯ, ಜ್ವರ ಬಂದಿದ್ಯಾ?’ ಎಂದಳು. ‘ಎಂತದೂ ಇಲ್ಲ, ಚಳಿ ಹೇಗಿರ್ತದೆ ಅಂತ ನೋಡ್ತಿದ್ದೆ’ ಎಂದೆ. ತೆರೆಯ ಮೇಲೆ ಅವಳ ಮುಖ ಅಲುಗಾಡದೆ ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ; ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಅರ್ಜಿ ಹಾಕುವ ಗಡುವು ಹತ್ತಿರ ಬರುತ್ತಿದೆಯೆಂದು ನನ್ನೊಳಗೆ ಸಂಕಟ. ಗಡುವು ದಾಟಿದರೆ ಮತ್ತೆ ಕರೆ ಬರುತ್ತದೆಂಬ ಖಾತ್ರಿಯಿಲ್ಲ. ನನ್ನ ಒಂದು ಬೇಡದಿಂದ ಜಲಜಾಕ್ಷಿಗೂ ಮೊಮ್ಮಗಳು ತಪ್ಪಿಹೋಗುತ್ತಾಳಲ್ಲ ಎಂದು ನಿಜವಾಗಿ ದುಃಖವಾಯಿತು. ಅವಳೋ ತನ್ನಷ್ಟಕ್ಕೆ ತಾನು ಹಪ್ಪಳ ಒಣಗಿಸಿಕೊಂಡು ಆರಾಮಾಗಿದ್ದಳು. ‘ಕೂಸು ಮತ್ತೆ ಎಂತಾದ್ರೂ ಹೇಳಿದ್ಲಾ?’ ಎಂದು ನಾನು ಮಗಳ ಬಗ್ಗೆ ಸುಳಿವು ತೆಗೆದರೆ, ‘ಎಂತ ಹೇಳೂದು? ನೀವೇ ಹೇಳಿ ಆಯ್ತಲ್ಲ’ ಎನ್ನುತ್ತಿದ್ದಳು. ನಾನು ದಿನಾ ಬೆಳಿಗ್ಗೆ ಪೇಪರು ಓದಲು ಪೇಟೆಗೆ ಹೋದಾಗ ತಾಯಿ ಮಗಳು ಮಾತಾಡುತ್ತಾರೆಂಬುದು ಗೊತ್ತಿತ್ತು. ಮಾತಾಡುವುದು ಉಪ್ಪಿನಕಾಯಿಯ ವಿಷಯವೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಆಮೇಲಿನ ಭಾನುವಾರ ಜಲಜಾಕ್ಷಿ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ನೆಲದ ಮೇಲೆ ಹಲಸಿನಕಾಯಿ ಬಿಡಿಸುತ್ತಾ ಕೂತಿದ್ದಳು. ಫೋನನ್ನು ನಾನು ಸ್ಟೂಲಿನ ಮೇಲೆ ಚೊಂಬಿಗೆ ಒರಗಿಸಿಟ್ಟಿದ್ದೆ. ಮಗಳು ಪೀಠಿಕೆಯಿಲ್ಲದೆ, ‘ಅಪ್ಪಯ್ಯ, ಅಮ್ಮನ ಅರ್ಜಿ ಹಾಕ್ತಾ ಇದ್ದೇನೆ’ ಎಂದಳು.

‘ಅಮ್ಮಂದಾ?’

‘ಹೌದು. ನಿಮ್ಮ ಹತ್ರ ಕೇಳಿದೆ, ಬೇಡ ಅಂದ್ರಿ. ಆಮೇಲೆ ಅಮ್ಮನ ಹತ್ರ ಬೇರೆಯಾಗಿ ಕೇಳಿದೆ. ಹೂಂ ಅಂದ್ರು.’

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ತಲೆಯೆತ್ತಲಿಲ್ಲ. ‘ಕೇಳಿದ್ಲು, ಹೇಳಿದೆ’ ಎಂದಳು.

‘ಮೊದಲನೇ ಸಲಕ್ಕೇ?’

‘ಮತ್ತೆ? ನನ್ನನ್ನ ಒಬ್ರು ಕೇಳಿದ್ದೇ ಮೊದಲನೇ ಸಲ. ಅದಕ್ಕೂ ಬೇಡ ಅನ್ನೂದಾ?’

ನಾನು ಯೋಚಿಸಿದೆ. ನಲವತ್ತು ವರ್ಷದಿಂದ ಯಾರ ಮನೆಗೆ ಹೋದರೂ ‘ಇಬ್ಬರಿಗೂ ಬೇಡ, ಈಗಷ್ಟೇ ಆಯ್ತು’ ಎನ್ನುವವನು ನಾನೇ. ಮೂರನೆಯ ಸಲಕ್ಕೆ ‘ಹಾಗಾದ್ರೆ ಅರ್ಧ ಲೋಟ’ ಎನ್ನುವವನೂ ನಾನೇ. ಅವಳಿಗೆ ಕಾಫಿಯೋ ಚಹಾವೋ ಎಂದು ಯಾರಾದರೂ ಕೇಳಿದ್ದು ನೆನಪಾಗಲಿಲ್ಲ. ಅಷ್ಟು ಕೈಗಳನ್ನು ಓದಿದ ನನಗೆ ಪಕ್ಕದ ಎಲೆಯ ಕೈ ಹೇಗಿರುತ್ತಿತ್ತೆಂದು ನೆನಪಿಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ಮಗಳು ಮುಂದುವರಿಸಿದಳು. ಮುಖ್ಯ ಅರ್ಜಿದಾರಳು ಅಮ್ಮ. ಗಂಡನನ್ನು ಅವಳ ಅವಲಂಬಿತ ಎಂದು ಅದೇ ಅರ್ಜಿಯಲ್ಲಿ ಸೇರಿಸಬಹುದಂತೆ. ಸರ್ಕಾರಿ ನೌಕರಿ ಮಾಡಿದವನು, ಮನೆಯ ಯಜಮಾನ ಎಂದು ಕಂದಾಯದ ರಸೀದಿಯಿಂದ ಹಿಡಿದು ಗ್ಯಾಸಿನ ಪುಸ್ತಕದವರೆಗೆ ದಾಖಲಾದವನು, ಈಗ ಊಟದ ಜೊತೆ ಬರುವ ಉಪ್ಪಿನಕಾಯಿಯ ಸ್ಥಾನಕ್ಕೆ ಬಂದಿದ್ದೆ. ‘ಅವಲಂಬಿತರು ಜೊತೆಗೆ ಬರ್ತಾರಾ ಇಲ್ವಾ ಅಂತ ಕೇಳ್ತಾರೆ ಅಪ್ಪಯ್ಯ. ನೀವು ಟೊಪ್ಪಿ ಹಾಕ್ಕೊಂಡು ಕೂತಾಗಲೇ ನನಗೆ ಉತ್ತರ ಗೊತ್ತಾಗಿದೆ. ಆದ್ರೂ ನಿಮ್ಮ ಬಾಯಲ್ಲೇ ಹೇಳ್ಬೇಕು. ನಾನು ಒಂದೇ ಸಲ ಕೇಳೂದು. ಬರ್ತೀರಾ?’

ಬಾಯಿ ತೆರೆದೆ. ‘ಎಂತಕ್ಕೆ ಸುಮ್ನೆ...’ ಎಂದು ಅದು ಆಗಲೇ ಹೊರಟಿತ್ತು. ಫೋನಿನಲ್ಲಿ ಮಗಳು ಕಾಯುತ್ತಿದ್ದಳು. ಹಲಸಿನಕಾಯಿ ಬಿಡಿಸುವ ಸದ್ದೂ ನಿಂತಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಒತ್ತಾಯವಿಲ್ಲದೆ ಹೂಂ ಎನ್ನುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಸಂತೆಯ ಮಧ್ಯೆ ಪಂಚೆ ಜಾರಿದ ಹಾಗಾಯಿತು. ‘ಬರ್ತೇನೆ’ ಎಂದೆ. ಸಾಲದೆಂದು ತೋರಿ, ‘ಬರ್ತೇನೆ ಕೂಸೇ, ನನಗೆ ಬರ್ಬೇಕು’ ಎಂದು ಕೂಗಿಯೇ ಹೇಳಿದೆ. ಮಗಳು ನಗಲು ಹೋಗಿ ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು, ಈ ಸಲ ಟೊಪ್ಪಿಯಿರಲಿಲ್ಲ.

ಅರ್ಜಿ ಹೋಗಿದೆ. ಇನ್ನು ವೈದ್ಯಕೀಯ ಪರೀಕ್ಷೆ, ಪೊಲೀಸ್ ಪತ್ರ ಎಂದೆಲ್ಲ ಇದೆಯಂತೆ. ವರ್ಷಗಳೇ ಹಿಡಿದರೂ ಹಿಡಿಯಬಹುದಂತೆ. ಕಾಯುತ್ತೇವೆ. ಈ ನಡುವೆ ನಾನು ಮೊದಲ ಸಲಕ್ಕೇ ಹೂಂ ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಮೊನ್ನೆ ಕಿಗ್ಗದ ನೆಂಟರ ಮನೆಯಲ್ಲಿ ಕಾಫಿ ಎಂದ ಕೂಡಲೇ ‘ಕೊಡಿ’ ಎಂದೆ. ಮನೆಯವರು ಕಂಗಾಲಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ನಿಂಗೆ ಕಾಫಿಯಾ ಚಹಾವಾ?’ ಎಂದು ನಾನು ಜಲಜಾಕ್ಷಿಯನ್ನು ಕೇಳಿದ್ದಕ್ಕಂತೂ ಅವಳೇ ಕಂಗಾಲಾದಳು. ‘ಎಂತದೂ ಬೇಡ’ ಎಂದಳು. ಅವಳಿಗೆ ಚಹಾ ತರಿಸಿದೆ. ಕುಡಿದಳು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿದೆ. ಆ ಭಾನುವಾರ ಫೋನು ಇಟ್ಟ ಮೇಲೆ ಕುತೂಹಲಕ್ಕೆ, ಬರೀ ಕುತೂಹಲಕ್ಕೆ, ‘ನಾನು ಬರೂದಿಲ್ಲ ಅಂದಿದ್ರೆ ನೀನೊಬ್ಬಳೇ ಹೋಗ್ತಿದ್ಯಾ?’ ಎಂದು ಕೇಳಿದೆ. ‘ಹೋಗ್ತಿದ್ದೆ’ ಎಂದಳು. ಇದು ಯಾವ ಬಗೆಯ ಮಾತೆಂದು ತಿಳಿಯಲು ಚಾಳಿಯಂತೆ ಅವಳ ಕೈ ನೋಡಿದೆ. ಎಣ್ಣೆ ಮೆತ್ತಿದ ಆ ಎರಡು ಕೈಗಳೂ ಮಣಿಕಟ್ಟಿನವರೆಗೆ ಹಲಸಿನಕಾಯಿಯೊಳಗಿದ್ದವು. ‘ನಿಜವಾಗಿಯೂ?’ ಎಂದೆ. ‘ಹೇಳಿದ್ನಲ್ಲ’ ಎಂದಳು. ನಿಯಮದ ಪ್ರಕಾರ ಮೂರನೆಯ ಸಲ ಕೇಳಬಹುದಿತ್ತು. ಇದುವರೆಗೂ ಕೇಳಿಲ್ಲ.