ರಾಜುವಿನ ಬಾಣಂತನ

ಹನುಮಂತನಗರದ ನಮ್ಮ ಮಾವನವರ ಮನೆಯ ತಾರಸಿ ಸೋರತೊಡಗಿತು. ಅದನ್ನು ಒಡೆದು ಹೊಸದಾಗಿ ಹಾಕಿಸುವ ತನಕ ಅತ್ತೆ ಮಾವ ಇಬ್ಬರೂ ಜಯನಗರದ ನಮ್ಮ ಬಾಡಿಗೆ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ಈ ಸುದ್ದಿ ಕೇಳಿ ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ನನಗೆ ಮಾತ್ರ ಎಳ್ಳಷ್ಟೂ ಅಳುಕಿರಲಿಲ್ಲ. ನಾನು ಹನ್ನೆರಡು ವರ್ಷಗಳಿಂದ ಸಾರ್ವಜನಿಕರ ದೂರು ವಿಭಾಗದಲ್ಲಿ ಕೂತವನು. ಬೆಳಗ್ಗೆ ಹತ್ತಕ್ಕೆ ಕೂಗಾಡುತ್ತಾ ಬಂದವರನ್ನು ಹತ್ತೂಕಾಲಿಗೆ ನಗಿಸಿ ಕಳಿಸಿದ ಕೀರ್ತಿ ನನ್ನದು. ಅವರ ಕೆಲಸ ಆಗುತ್ತಿರಲಿಲ್ಲ, ಆ ಮಾತು ಬೇರೆ. ಅಂಥವನಿಗೆ ಒಬ್ಬರು ಅತ್ತೆ ಯಾವ ಲೆಕ್ಕ!

ನಮ್ಮತ್ತೆ ಬಲು ಮಡಿವಂತೆ. ಬೆಳಗ್ಗೆ ಸ್ನಾನವಾದ ಮೇಲೆ ಪೂಜೆ ಮುಗಿಯುವ ತನಕ ಅವರ ಹತ್ತಿರ ಗಾಳಿ ಕೂಡ ಕೇಳಿಕೊಂಡೇ ಸುಳಿಯಬೇಕು. ಜೊತೆಗೆ, ಅಳಿಯನ ಜೊತೆ ನೇರವಾಗಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ನಾನು ಎದುರಿಗೇ ಎಲೆ ಹಾಕಿಕೊಂಡು ಕೂತಿದ್ದರೂ ಅವರ ಪ್ರಶ್ನೆ ನನ್ನ ಹೆಂಡತಿಯ ಮೂಲಕವೇ ಬರುತ್ತಿತ್ತು.

"ವಸುಧಾ, ನಿಮ್ಮೆಜಮಾನ್ರಿಗೆ ಇನ್ನೊಂದು ಸೌಟು ಸಾರು ಬೇಕಾ ಕೇಳು."

"ಬೇಕಂತೆ ಕಣಮ್ಮ," ಎಂದು ವಸುಧಾ ನನ್ನನ್ನು ಕೇಳದೆಯೇ ಉತ್ತರಿಸುವಳು. ಈ ವ್ಯವಸ್ಥೆ ಒಂದು ತಿಂಗಳು ಸುಸೂತ್ರವಾಗಿ ನಡೆಯಿತು. ಕೆಡಿಸಿದವನು ನಾನು.

ನಮ್ಮ ಮಗಳು ಅನುಗೆ ಆಗ ಆರು ವರ್ಷ. ಅವಳಿಗೆ ನಾಯಿ ಬೇಕಾಗಿತ್ತು. ಮನೆ ಓನರ್‌ಗೆ ನಾಯಿ ಬೇಡವಾಗಿತ್ತು. ಈ ಬಿಕ್ಕಟ್ಟು ಬಗೆಹರಿಸಲು ದಾರಿ ಹುಡುಕುತ್ತಿದ್ದಾಗ ಒಂದು ಭಾನುವಾರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರ ಒಬ್ಬ ಬುಟ್ಟಿ ತುಂಬ ಬಣ್ಣ ಬಣ್ಣದ ಕೋಳಿಮರಿ ಇಟ್ಟುಕೊಂಡು ಕೂತಿದ್ದ. ಹಸಿರು, ನೀಲಿ, ಗುಲಾಬಿ!

"ಇವು ದೊಡ್ಡವಾಗ್ತವಾ?" ಎಂದು ನಾನು ಜವಾಬ್ದಾರಿಯುತ ನಾಗರಿಕನಂತೆ ವಿಚಾರಿಸಿದೆ.

"ಇಲ್ಲ ಸಾರ್. ಇವು ಇಷ್ಟೇ ಇರ್ತವೆ. ಕಲರ್ ಜಾತಿ."

ನಾನು ನಂಬಿದೆ.

ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕಾಗದದ ಚೀಲ ಬಿಚ್ಚಿ ಗುಲಾಬಿ ಮರಿಯನ್ನು ಚಾಪೆಯ ಮೇಲೆ ಬಿಟ್ಟೆ. ಅದು ಕಿಚಕಿಚ ಎನ್ನುತ್ತಾ ಎರಡು ಹೆಜ್ಜೆ ನಡೆದು ನಿಂತಿತು. ಅತ್ತೆಯ ಮುಖ ಅರಳಿತು.

"ಅಬ್ಬ, ಎಷ್ಟು ಚೆನ್ನಾಗ್ ಮಾಡಿದಾರೆ! ವಸುಧಾ, ಕೀ ಎಲ್ಲಿ ಕೊಡೋದು ಕೇಳು."

ಆಟಿಕೆ ಆಗ ಚಾಪೆಯ ಮೇಲೆ, ಸರಿಯಾಗಿ ಅವರೆಕಾಳಿನ ಮೊರದ ಪಕ್ಕದಲ್ಲಿ, ತಾನು ಆಟಿಕೆಯಲ್ಲವೆಂದು ರುಜುವಾತುಪಡಿಸಿತು!

ಅತ್ತೆ ಎದ್ದ ವೇಗಕ್ಕೆ ಕಾಳು ಮನೆಯೆಲ್ಲ ಚೆಲ್ಲಾಡಿತು. ತಣ್ಣೀರು ಸ್ನಾನ ಮಾಡಿ ಬಂದು, ಅಡುಗೆಮನೆ ಬಾಗಿಲಲ್ಲಿ ನಿಂತು, ಗೋಡೆಯನ್ನು ನೋಡುತ್ತಾ ಷರತ್ತುಗಳನ್ನು ವಿಧಿಸಿದರು. ಅದು ಹಿತ್ತಲಲ್ಲಿರಬೇಕು. ಹೊಸ್ತಿಲು ದಾಟಬಾರದು. ಕೊನೆಯದಾಗಿ, "ವಸುಧಾ, ನಾಳೆ ಅದು ಮೊಟ್ಟೆ ಗಿಟ್ಟೆ ಇಟ್ರೆ ಏನ್ ಗತಿ ಅಂತ ಕೇಳು. ಈ ವಂಶದಲ್ಲೇ ಯಾರೂ ಮುಟ್ಟಿಲ್ಲ."

"ಅತ್ತೆ, ಇದು ಗಂಡು," ಎಂದೆ ನಾನು.

"ಹೇಗ್ ಗೊತ್ತಂತೆ?"

"ಮುಖ ನೋಡಿದ್ರೇ ಗೊತ್ತಾಗುತ್ತೆ. ನಡಿಗೆ ನೋಡಿ, ಠೀವಿ ನೋಡಿ."

ನನ್ನ ಈ ಅಧಿಕೃತ ಹೇಳಿಕೆಯ ಆಧಾರದ ಮೇಲೆ ಅನು ಅದಕ್ಕೆ ರಾಜು ಎಂದು ಹೆಸರಿಟ್ಟಳು.

ಮೂರನೆಯ ದಿನ ನನಗೊಂದು ಸದ್ಬುದ್ಧಿ ಹುಟ್ಟಿತು. ಆ ಗುಲಾಬಿ ಬಣ್ಣ ತೊಳೆದುಬಿಟ್ಟರೆ ಮರಿ ಬೆಳ್ಳಗೆ, ಸಾತ್ವಿಕವಾಗಿ ಕಾಣುತ್ತದೆ, ಅತ್ತೆಗೂ ಒಪ್ಪಿಗೆಯಾಗುತ್ತದೆ ಎನಿಸಿತು. ಹಿತ್ತಲ ನಲ್ಲಿಯ ಕೆಳಗೆ ಹಿಡಿದು, ಹೆಂಡತಿಯ ಶಾಂಪೂ ಹಾಕಿ ತಿಕ್ಕಿದೆ. ಬಣ್ಣ ನನ್ನ ಕೈಗೆ ಬಂತು, ಬನಿಯನ್ನಿಗೆ ಬಂತು. ಮರಿ ಮಾತ್ರ ಒದ್ದೆ ಹತ್ತಿಯುಂಡೆಯಂತಾಗಿ, ಒಂದು ಪಕ್ಕಕ್ಕೆ ವಾಲಿ, ಕಣ್ಣು ಮುಚ್ಚಿಕೊಂಡಿತು. ಅನು ಕಿಟಾರನೆ ಕಿರುಚಿದಳು.

ಅತ್ತೆ ಆಗಷ್ಟೇ ಮಡಿಯುಟ್ಟು ಪೂಜೆಗೆ ಹೊರಟಿದ್ದರು. ಕೈಯಲ್ಲಿ ಹೂವಿನ ಬುಟ್ಟಿ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದವರು ಬುಟ್ಟಿಯನ್ನು ಅಲ್ಲೇ ಇಟ್ಟರು. ಮೊದಲು ಗೋಡೆಯನ್ನು ಉದ್ದೇಶಿಸಿ, "ಹಸುಗೂಸಿಗೆ ಯಾರಾದ್ರೂ ಹಿಂಗೆ ತಣ್ಣೀರು ಹುಯ್ತಾರಾ?" ಎಂದರು. ಆಮೇಲೆ ನೇರವಾಗಿ ಬಂದು ನನ್ನ ಕೈಯಿಂದ ಮರಿಯನ್ನು ಕಿತ್ತುಕೊಂಡರು. ಮಡಿಯಲ್ಲಿ! ಮೆತ್ತನೆಯ ಹಳೇ ಸೀರೆಯ ಚೂರಿನಲ್ಲಿ ಸುತ್ತಿ, ಬಚ್ಚಲ ಒಲೆಯ ಪಕ್ಕ ಕೂತು ಅಂಗೈ ಕಾಯಿಸಿ ಕಾಯಿಸಿ ಒತ್ತಿದರು. ಕೊನೆಗೆ ಒಂದಿಷ್ಟು ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಅನು ಹುಟ್ಟಿದಾಗ ಅವಳಿಗೆ ಮಾಡಿದಂತೆಯೇ, ದೂರದಿಂದ ಹೊಗೆ ತೋರಿಸಿದರು. ಅರ್ಧ ಗಂಟೆಯಲ್ಲಿ ರಾಜು ಸೀನಿತು. ಅತ್ತೆ ಅದನ್ನು ಅನುವಿನ ಮಡಿಲಿಗೆ ಹಾಕಿ, ಇನ್ನೊಂದು ಸಲ ಸ್ನಾನಕ್ಕೆ ಹೋದರು.

ಅಂದಿನಿಂದ ರಾಜುವಿನ ಲಾಲನೆ ಪಾಲನೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ನಾನು ಲೈಬ್ರರಿಯಿಂದ ಕೋಳಿ ಸಾಕಣೆಯ ಪುಸ್ತಕ ತಂದಿದ್ದೆ. ಕಾಳು, ಸೊಪ್ಪು, ಪುಡಿ ಮಾಡಿದ ಕಪ್ಪೆಚಿಪ್ಪು, ಕತ್ತಲಿರುವ ಶಾಂತ ಜಾಗ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅತ್ತೆಯ ಪಕ್ಷ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಬೇಕೆನ್ನುತ್ತಿತ್ತು.

"ವಸುಧಾ, ಸೊಪ್ಪು ತಿಂದ್ರೆ ಅದಕ್ಕೆ ಶೀತ ಆಗುತ್ತೆ ಅಂತ ಹೇಳು."

"ಪುಸ್ತಕದಲ್ಲಿ ಹಾಗಿದೆ ಅಂತ ನಿಮ್ಮಮ್ಮನಿಗೆ ಹೇಳು."

"ಪುಸ್ತಕ ಬರೆದೋರು ಎಷ್ಟು ಮಕ್ಕಳನ್ನ ಸಾಕಿದಾರಂತೆ, ಕೇಳು!"

"ನೀವಿಬ್ರೂ ನೇರವಾಗಿ ಜಗಳ ಆಡಿ. ನಂಗೆ ಕುಕ್ಕರ್ ಇಡೋದಿದೆ," ಎಂದು ವಸುಧಾ ಎದ್ದು ಹೋದಳು. ನಿವೃತ್ತ ಭೂಗೋಳದ ಮೇಷ್ಟ್ರಾದ ನಮ್ಮ ಮಾವ ಯಾವ ಪಕ್ಷಕ್ಕೂ ಸೇರಲಿಲ್ಲ. ಸಂಜೆ ಹೊತ್ತು ಹಿತ್ತಲಲ್ಲಿ ರಾಜು ಅಡ್ಡಾಡುವಾಗ ಹದ್ದು ಎರಗಬಾರದೆಂದು ಅದರ ಹಿಂದೆಯೇ ಕೊಡೆ ಹಿಡಿದುಕೊಂಡು ನಡೆಯುವರು. ಬಿಸಿಲಿರಲಿ, ಇಲ್ಲದಿರಲಿ. ಪಕ್ಕದ ಮನೆಯ ಕಮಲಮ್ಮ ಕಾಂಪೌಂಡಿನ ಮೇಲಿಂದ ಈ ಮೆರವಣಿಗೆಯನ್ನು ದಿನವೂ ನೋಡುತ್ತಿದ್ದರು.

ಐದಾರು ತಿಂಗಳಲ್ಲಿ ಆ ಕಲರ್ ಜಾತಿ ನನ್ನ ಮೊಣಕಾಲೆತ್ತರ ಬೆಳೆಯಿತು. ಬೆಳ್ಳಗೆ ಗುಂಡಗೆ ಇತ್ತು. ಆದರೆ ಒಂದು ದಿನವೂ ಕೂಗಲಿಲ್ಲ.

"ಯಾಕ್ರೀ ಇದು ಕೂಗಲ್ಲ?" ಎಂದಳು ವಸುಧಾ.

"ಸಂಕೋಚ ಸ್ವಭಾವ," ಎಂದೆ.

ವರಮಹಾಲಕ್ಷ್ಮಿ ಹಬ್ಬ ಬಂತು. ಅತ್ತೆ ನಸುಕಿನಲ್ಲೇ ಎದ್ದು ಕಳಶ ಕೂರಿಸಿ, ಸೀರೆಯುಡಿಸಿ, ಬಾಗಿನ ಕೊಡಲು ದೊಡ್ಡ ಬಿದಿರು ಬುಟ್ಟಿಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣಗಳನ್ನು ಜೋಡಿಸಿ ನಡುಮನೆಯ ಮೂಲೆಯಲ್ಲಿಟ್ಟಿದ್ದರು. ತೋರಣ ಕಟ್ಟಲು ಮಾವಿನ ಎಲೆ ತರುತ್ತಿದ್ದ ಗಡಿಬಿಡಿಯಲ್ಲಿ ಹಿತ್ತಲ ಬಾಗಿಲು ಮುಚ್ಚುವುದನ್ನು ಒಬ್ಬರು ಮರೆತರು. ಆ ಒಬ್ಬರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಕುಂಕುಮಕ್ಕೆ ಕೇರಿಯ ಹೆಂಗಸರೆಲ್ಲ ಬಂದು ಕೂತರು. ಮೊದಲ ಬಾಗಿನ ಕಮಲಮ್ಮನಿಗೆ. ಅವರು ಭಕ್ತಿಯಿಂದ ಸೆರಗು ಒಡ್ಡಿದರು. ಅತ್ತೆ ಬುಟ್ಟಿಗೆ ಕೈ ಹಾಕಿ ಎಲೆ, ಅಡಿಕೆ, ಕಾಯಿ, ಕಣ ಎಲ್ಲವನ್ನೂ ಒಟ್ಟಿಗೆ ಬಾಚಿ ಕೊಟ್ಟರು. ಕಮಲಮ್ಮ ಕಣ್ಣಿಗೊತ್ತಿಕೊಳ್ಳಲು ಬಗ್ಗಿದವರು ಹಾಗೇ ನಿಂತುಬಿಟ್ಟರು.

"ಏನ್ರೀ ಇದು... ಬೆಚ್ಚಗಿದೆ!"

ಸೆರಗಿನಲ್ಲಿ, ವೀಳ್ಯದೆಲೆಗಳ ನಡುವೆ, ಬೆಳ್ಳಗೆ ನುಣ್ಣಗೆ ಒಂದು ಮೊಟ್ಟೆ!

ಸೋಫಾದ ಅಡಿಯಿಂದ ರಾಜು ನಿಧಾನವಾಗಿ ಹೊರಬಂದು, ಎಲ್ಲರ ಮುಖ ನೋಡಿ, ಒಂದು ಸಲ ಕೊಕ್ಕೊಕ್ಕೋ ಎಂದಿತು. ಅತ್ತೆ ಆ ಮೊಟ್ಟೆಯನ್ನು ಒಂದು ಎಲೆಯಲ್ಲಿ ಎತ್ತಿಕೊಂಡರು. ಆಮೇಲೆ ನಾನು ಅವರ ಅಳಿಯನಾದ ಎಂಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನೇ ನೋಡಿ ನನ್ನನ್ನೇ ಕೇಳಿದರು.

"ಅಳಿಯಂದ್ರೇ, ಇದು ಗಂಡಲ್ವಾ?"

ಹನ್ನೆರಡು ವರ್ಷದ ದೂರು ವಿಭಾಗದ ಅನುಭವ ಆ ಗಳಿಗೆಯಲ್ಲಿ ನನ್ನನ್ನು ಕೈಬಿಟ್ಟಿತು. "ವಿಚಾರಿಸ್ತೀನಿ," ಎಂದೆ.

ಅತ್ತೆ ಮಾತಾಡದೆ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ಮೌನದ ಅರ್ಥ ನನಗೆ ತಕ್ಷಣ ಆಯಿತು. ಕೋಳಿ ಇರಬೇಕು, ಇಲ್ಲವೇ ಅವರಿರಬೇಕು! ಮಾರನೆಯ ದಿನ ಶನಿವಾರ ಬೆಳಗ್ಗೆ, ಅತ್ತೆ ಪೂಜೆಯಲ್ಲಿದ್ದಾಗ, ಅನು ಸ್ಕೂಲಿಗೆ ಹೋಗಿದ್ದಾಗ, ನಾನು ರಾಜುವನ್ನು ಮುಚ್ಚಳದ ಬುಟ್ಟಿಗೆ ಹಾಕಿ ಸ್ಕೂಟರಿನ ಮುಂದೆ ಇಟ್ಟುಕೊಂಡು ವಸಂತಪುರಕ್ಕೆ ಹೊರಟೆ. ಅಲ್ಲಿ ನನ್ನ ಸಹೋದ್ಯೋಗಿ ಮುನಿರಾಜುವಿನ ಮನೆಯ ಹಿಂದೆ ತೋಟವಿತ್ತು, ಹತ್ತಾರು ಕೋಳಿಗಳೂ ಇದ್ದವು. ರಾಜು ಬುಟ್ಟಿಯ ಸಂದಿಯಿಂದ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿತ್ತು. ನಾನು ಕನಕಪುರ ರಸ್ತೆಯನ್ನೇ ನೋಡುತ್ತಿದ್ದೆ.

ಮುನಿರಾಜು ಸಂತೋಷದಿಂದ ಬುಟ್ಟಿ ಇಳಿಸಿಕೊಂಡ. "ನಾಳೆ ಭಾನುವಾರ ಅಲ್ವಾ ಸಾರ್, ಊಟಕ್ಕೆ ಬಂದ್ಬಿಡಿ. ಓ, ನೀವು ತಿನ್ನಲ್ಲ ಅಲ್ವಾ!"

ಅವನು ಏನು ಹೇಳಿದನೆಂಬುದು ನನಗೆ ಸಾರಕ್ಕಿ ಸಿಗ್ನಲ್ ಬಳಿ ಹೊಳೆಯಿತು. ಆದರೂ ಮನೆಯ ಶಾಂತಿ ಮುಖ್ಯ ಎಂದು ಗಟ್ಟಿ ಮನಸ್ಸು ಮಾಡಿ ಮನೆಗೆ ಬಂದು ಘೋಷಿಸಿದೆ. "ಅತ್ತೆ, ಇನ್ನು ಯೋಚನೆ ಇಲ್ಲ. ಸಾಗಹಾಕಿ ಬಂದೆ."

ಅತ್ತೆ ಒಲೆಯ ಮುಂದೆ ನಿಂತಿದ್ದರು. ಬಾಣಲೆಯಲ್ಲಿ ಬೆಲ್ಲ, ತುಪ್ಪ, ಒಣಶುಂಠಿ. ಮನೆಯೆಲ್ಲ ಘಮಘಮ. ಅವರ ಕೈಯ ಸೌಟು ನಿಂತಿತು.

"ಯಾರನ್ನ?"

"ಕೋಳೀನ."

"ಚೊಚ್ಚಲ ಬಾಣಂತೀನ ಮನೆಯಿಂದ ಆಚೆ ಹಾಕಿ ಬಂದ್ರಾ?"

ನಾನು ವಸುಧಾಳ ಮುಖ ನೋಡಿದೆ. ಅವಳು ಬಾಣಲೆಯ ಕಡೆ ಕಣ್ಣು ತೋರಿಸಿ, "ರಾಜುಗೇ ಲೇಹ್ಯ ಮಾಡ್ತಿದಾರೆ ಕಣ್ರೀ," ಎಂದಳು ಮೆಲ್ಲಗೆ.

"ನಿನ್ನೆ ಮೊಟ್ಟೆ ಇಟ್ಟಿದೆ. ಅದಕ್ಕೇ ಗೊತ್ತಿಲ್ಲ, ಏನಾಯ್ತು ಅಂತ ಬೆದರಿಕೊಂಡು ಸೋಫಾ ಕೆಳಗೆ ಕೂತಿತ್ತು," ಎಂದರು ಅತ್ತೆ. ದನಿ ಏರಲೇ ಇಲ್ಲ. "ವಸುಧಾ ಹುಟ್ಟಿದಾಗ ನಮ್ಮತ್ತೆ ಹತ್ತನೇ ದಿನಕ್ಕೇ ಹೇಳಿ ಕಳಿಸಿದ್ರು. ಮನೇಲಿ ಕೆಲಸ ಇದೆ, ಬಾ ಅಂತ. ಬಸ್ಸಲ್ಲಿ ಕೂಸನ್ನ ಎದೆಗವಚಿಕೊಂಡು ನಿಂತೇ ಬಂದೆ. ನಮ್ಮಮ್ಮ ರಸ್ತೆ ತಿರುವಿನ ತನಕ ಹಿಂದೆ ಓಡಿ ಬಂದಿದ್ಲು. ಅವತ್ತೇ ಅಂದ್ಕೊಂಡೆ, ನನ್ನ ಮನೆಯಿಂದ ಯಾವ ಬಾಣಂತೀನೂ ಹಂಗೆ ಕಳಿಸಬಾರದು ಅಂತ."

"ಮತ್ತೆ ನಿನ್ನೆ ಬಾಗಿಲು ಹಾಕ್ಕೊಂಡ್ರಲ್ಲ ಅತ್ತೆ?"

"ನಗು ತಡೆಯಕ್ಕಾಗ್ಲಿಲ್ಲ. ಕಮಲಮ್ಮನ ಮುಖ ನೋಡಿದ್ರಲ್ಲ!" ಎಂದ ಅವರು ಮರುಕ್ಷಣವೇ ಗಂಭೀರರಾಗಿ, ಸೆರಗು ಬಿಗಿದು ಸಿಕ್ಕಿಸಿದರು. "ಸ್ಕೂಟರ್ ತೆಗೀರಿ."

ಜನ್ಮದಲ್ಲಿ ಸ್ಕೂಟರ್ ಹತ್ತದ ಅತ್ತೆ ಹಿಂದೆ ಕೂತು ನನ್ನ ಅಂಗಿಯ ಕಾಲರನ್ನು ಹಿಡಿದುಕೊಂಡರು. ವಸಂತಪುರದವರೆಗೆ ನಾನು ಅರ್ಧ ಉಸಿರಿನಲ್ಲಿ ಗಾಡಿ ಓಡಿಸಿದೆ. ಪ್ರತಿ ಹಂಪ್‌ನಲ್ಲೂ "ಜೋರಾಗಿ ಹೋಗಿ!" ಎಂದು ಕೂಗುತ್ತಿದ್ದರು.

ರಾಜು ಕ್ಷೇಮವಾಗಿತ್ತು. ಮುನಿರಾಜುವಿನ ತಾಯಿ ಚೌಡಮ್ಮ ಅದನ್ನು ಪ್ರತ್ಯೇಕವಾಗಿ ಬಿದಿರಿನ ಮಂಕರಿಯಡಿ ಕವುಚಿ ಹಾಕಿದ್ದರು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಆಕೆ ನಗಲಿಲ್ಲ.

"ತಗಂಡೋಗವ್ವ. ನಿನ್ ಮಗಳನ್ನ ನಾನ್ಯಾಕೆ ಇಟ್ಕಳ್ಳಲಿ?" ಎಂದು ಎಳನೀರು ಕೊಚ್ಚಿ ಕೊಟ್ಟರು. ಇಬ್ಬರೂ ಜಗಲಿಯ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ನಾನು ಬುಟ್ಟಿ ಹಿಡಿದು ನಿಂತಿದ್ದೆ.

"ಶುಂಠಿ ಗಿಂಟಿ ಬ್ಯಾಡ ಕಣವ್ವ. ಕಾಳು, ಸೊಪ್ಪು ಹಾಕು. ಒಸಿ ಕಪ್ಪೆಚಿಪ್ಪು ಪುಡಿ ಮಾಡಿ ಹಾಕು. ಕತ್ಲು ಇರೋ ಕಡೆ ನೆಮ್ಮದಿಯಾಗಿ ಕೂರಕ್ ಬಿಡು, ಏನಾಗಕಿಲ್ಲ."

"ಹೌದಾ! ನನಗೆ ಇದು ತಿಳಿದೇ ಇರ್ಲಿಲ್ಲ," ಎಂದರು ಅತ್ತೆ.

"ನಾನು ಆರು ತಿಂಗಳಿಂದ ಇದನ್ನೇ ಹೇಳ್ತಿದ್ದೆ, ಅತ್ತೆ!"

"ನೀವು ಪುಸ್ತಕ ನೋಡಿ ಹೇಳ್ತಿದ್ರಿ," ಎಂದರು.

ಆ ಸಂಜೆ ರಾಜುವಿಗೆ ಹಿತ್ತಲ ಕೋಣೆಯಲ್ಲಿ ಹಳೇ ಸೀರೆಯ ಹಾಸಿಗೆ ಸಿದ್ಧವಾಯಿತು. ಶುಂಠಿ ಲೇಹ್ಯ ವ್ಯರ್ಥವಾಗಬಾರದೆಂದು ಹತ್ತು ದಿನ ನನಗೆ ತಿನ್ನಿಸಿದರು. ದಿನ ಬಿಟ್ಟು ದಿನ ಬರುತ್ತಿದ್ದ ಮೊಟ್ಟೆಯನ್ನು ಅತ್ತೆ ಬಾಳೆಲೆಯಲ್ಲಿ ಸುತ್ತಿ, ಎದುರಿನ ಸೈಟಿನ ವಾಚ್‌ಮನ್‌ನ ಬಸುರಿ ಹೆಂಡತಿಗೆ ತಾವೇ ಒಯ್ದು ಕೊಟ್ಟು ಬರುವರು. ಬಂದು ಸ್ನಾನ ಮಾಡುವರು. ನನ್ನ ಜೊತೆ ನೇರವಾಗಿ ಮಾತಾಡುವುದನ್ನೂ ಮುಂದುವರಿಸಿದರು. ಹೆಚ್ಚಾಗಿ ಬಾಗಿಲು ಹಾಕಿದ್ದೀನಾ ಎಂದು ಕೇಳಲು.

ದೀಪಾವಳಿಯ ಹೊತ್ತಿಗೆ ಹನುಮಂತನಗರದ ತಾರಸಿ ಮುಗಿಯಿತು. ಅತ್ತೆ ಮಾವ ಹೊರಟು ನಿಂತರು. ರಾಜು ಯಾರ ಜೊತೆ ಇರಬೇಕೆಂಬ ಪ್ರಶ್ನೆಯನ್ನು ಅನುವೇ ಬಗೆಹರಿಸಿದಳು. "ಅಜ್ಜಿ ಹತ್ರ ಇರ್ಲಿ. ಅಪ್ಪನ ಹತ್ರ ಬೇಡ. ಶನಿವಾರ ಶನಿವಾರ ನಾನೇ ಹೋಗಿ ನೋಡ್ಕೊಂಡ್ ಬರ್ತೀನಿ." ಸರ್ವಾನುಮತದಿಂದ ಅಂಗೀಕಾರವಾಯಿತು.

ಸಾಮಾನುಗಳನ್ನೆಲ್ಲ ಆಟೋಗೆ ಸಾಗಿಸಿ ಒಳಗೆ ಬಂದಾಗ, ಅತ್ತೆ ಅಡುಗೆಮನೆಯಲ್ಲಿ ವಸುಧಾಳ ಕೈ ಹಿಡಿದುಕೊಂಡು ಪಿಸುದನಿಯಲ್ಲಿ ಹೇಳುತ್ತಿದ್ದರು.

"ಹೊತ್ತು ಹೊತ್ತಿಗೆ ಬಿಸಿಯಾಗಿ ಹಾಕು. ಗದರಿಸಬೇಡ, ಬೆದರುತ್ತೆ. ತಿಳುವಳಿಕೆ ಕಮ್ಮಿ, ಆದ್ರೆ ಪಾಪ, ಸಾಧು ಜೀವ. ಏನ್ ಮಾಡಿದ್ರೂ ನಮಗೆ ಒಳ್ಳೇದಾಗ್ಲಿ ಅಂತಾನೇ ಮಾಡುತ್ತೆ. ಚೆನ್ನಾಗಿ ನೋಡ್ಕೋ."

ವಸುಧಾ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಆ ಮೂಕಪ್ರಾಣಿಯ ಮೇಲೆ ಎಷ್ಟೊಂದು ಮಮತೆ ಇವರಿಗೆ, ಅನುವಿನ ಮಾತು ಮೀರಿ ಅದನ್ನು ನಮಗೇ ಬಿಟ್ಟು ಹೋಗುತ್ತಿದ್ದಾರಲ್ಲ ಎಂದುಕೊಂಡು, ಅದಕ್ಕೊಂದು ಮಾತು ಹೇಳೋಣವೆಂದು ಹಿತ್ತಲ ಕೋಣೆಗೆ ಹೋದೆ. ಕೋಣೆ ಖಾಲಿ.

ಕಿಟಕಿಯಿಂದ ನೋಡಿದೆ. ಕೋಳಿ ಆಗಲೇ ಆಟೋದಲ್ಲಿ ಮಾವನವರ ತೊಡೆಯ ಮೇಲೆ ಹಾಯಾಗಿ ಕೂತಿತ್ತು!