ತುಕ್ಕು ಹಿಡಿಯದ ಕಂಬಿ

ನಮ್ಮ ಗವಿಪುರದ ಕಡೆ ಯಾರಾದರೂ ಮನೆ ಕಟ್ಟಿ ಮುಗಿಸಿದೆವು ಎಂದರೆ ನಾನು ನಂಬುವುದಿಲ್ಲ. ತಾರಸಿ ಹತ್ತಿ ನೋಡಿ. ಕಂಬಗಳ ನೆತ್ತಿಯಲ್ಲಿ ಕಬ್ಬಿಣದ ಕಂಬಿಗಳು ಜುಟ್ಟಿನ ಹಾಗೆ ನಿಂತಿರುತ್ತವೆ, ಮುಂದೊಂದು ದಿನ ಮಹಡಿ ಎಬ್ಬಿಸಲು. ನಮ್ಮನೆಗೆ ಈ ಜುಟ್ಟು ಬಿಟ್ಟಾಗ ಮಗಳು ತೊಟ್ಟಿಲಲ್ಲಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ. ನಡುಮನೆ ಅತ್ತೆಯವರ ಟಿವಿಗೆ, ಕೋಣೆ ಮಗಳ ಪುಸ್ತಕಗಳಿಗೆ. ಮಧ್ಯಾಹ್ನ ಕಾಲು ಚಾಚಲು ನನಗೆ ಉಳಿದದ್ದು ಅಡುಗೆಮನೆಯ ನೆಲ, ತಲೆಯ ಹತ್ತಿರ ಗ್ಯಾಸ್ ಸಿಲಿಂಡರ್. ಮೇಲೊಂದು ಕೋಣೆ ಬೇಕು ಎಂಬುದೊಂದೇ ನನ್ನ ಬೇಡಿಕೆ.

ಈ ಹೋರಾಟದಲ್ಲಿ ನನ್ನ ಪಕ್ಷಕ್ಕಿದ್ದದ್ದು ತುಕ್ಕು ಮಾತ್ರ. ಬಟ್ಟೆ ಒಣಗಿಸುವ ಹಗ್ಗವನ್ನು ಆ ಕಂಬಿಗಳಿಗೇ ಕಟ್ಟಿದ್ದರಿಂದ ಯಜಮಾನರ ಬಿಳಿ ಪಂಚೆಗೆ ಆಗಾಗ ಕೆಂಪು ಕಲೆ ಬೀಳುತ್ತಿತ್ತು. ನಾನು ಅದನ್ನು ಹಿಡಿದು, "ನೋಡಿ, ಕಂಬಿ ಕರಗ್ತಾ ಇದೆ. ಹೀಗೇ ಬಿಟ್ರೆ ಮಹಡಿ ಯಾವುದರ ಮೇಲೆ ನಿಲ್ಲಿಸ್ತೀರಿ?" ಎನ್ನುತ್ತಿದ್ದೆ. ಅವರೂ ಮೆತ್ತಗಾಗಿ, "ಯುಗಾದಿ ಕಳೀಲಿ" ಎನ್ನುವ ಮಟ್ಟಕ್ಕೆ ಬಂದಿದ್ದರು.

ಅಷ್ಟರಲ್ಲಿ ಅವರ ಆಫೀಸಿಗೆ ಗಾಜಿನ ಎಳೆಯಿಂದ ಮಾಡಿದ ಫೈಬರ್‌ಗ್ಲಾಸ್ ಕಂಬಿ ಬಂತು. ನಮ್ಮವರ ಕೆಲಸ ಸೇತುವೆ, ದೊಡ್ಡ ಮೋರಿಗಳಿಗೆ ನಕ್ಷೆ ಹಾಕುವುದು. ಮೋರಿ ನೀರಿಗೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಸೀಳುತ್ತದಂತೆ, ಇದಕ್ಕೆ ಆ ರೋಗವೇ ಇಲ್ಲವಂತೆ. ಮಾದರಿಗೆಂದು ಉದ್ದನೆಯದೊಂದನ್ನು ಸಿಟಿ ಬಸ್ಸಿನಲ್ಲೇ ತಂದರು. ಕಂಡಕ್ಟರು, "ಸ್ವಾಮಿ, ಕೆರೇಲಿ ಮೀನು ಬಿತ್ತಾ?" ಎಂದನಂತೆ.

ಅತ್ತೆ ಅದನ್ನು ಎತ್ತಿ ನೋಡಿದರು. "ತೂಕಾನೇ ಇಲ್ವಲ್ಲೋ. ಇದು ಮನೆ ಹೊರುತ್ತಾ?"

"ಅಮ್ಮಾ, ಉಪ್ಪುನೀರಲ್ಲಿ ಇಟ್ರೂ ಏನೂ ಆಗಲ್ಲ."

ಅತ್ತೆ ಬಿಡುವವರಲ್ಲ. ಒಂದು ತುಂಡನ್ನೂ ಒಂದು ಮೊಳೆಯನ್ನೂ ಉಪ್ಪುನೀರಿನ ಹಳೇ ಜಾಡಿಗೆ ಹಾಕಿ ಮುಚ್ಚಿದರು. ಹೊಸ ಕಂಬಿಗೂ ತುಕ್ಕು ಬರಲಪ್ಪಾ ಎಂದು ನಾನು ಗವಿ ಗಂಗಾಧರೇಶ್ವರನಿಗೂ ಒಂದು ಮಾತು ಹೇಳಿ ಬಂದೆ. ಕೆಲವು ವಾರ ಬಿಟ್ಟು ತೆಗೆದಾಗ ಮೊಳೆ ಕೆಂಪು ಕೆಸರಾಗಿತ್ತು, ಕಂಬಿ ಹಾಕಿದ ಹಾಗೇ ಇತ್ತು. "ಇದು ನಿಮ್ಮಪ್ಪನ ಥರ ಕಣೋ," ಎಂದರು ಅತ್ತೆ, "ಏನು ಸುರಿದರೂ ಮುಖದಲ್ಲಿ ಗೊತ್ತಾಗಲ್ಲ."

ಮುಂದಿನ ವಾರವೇ ನಮ್ಮವರು ಕಂಬಗಳ ನೆತ್ತಿ ಒಡೆಸಿ, ಹಳೇ ಜುಟ್ಟು ತೆಗೆಸಿ, ಹೊಸದನ್ನು ನೆಡಿಸಿದರು. ಕೆಲಸದವರು ಹೋದ ಮೇಲೆ ನೆಮ್ಮದಿಯಿಂದ ಕಾಫಿ ಕುಡಿಯುತ್ತಾ, "ಇನ್ನು ಅವಸರ ಇಲ್ಲ ಕಣೇ. ಮೊಮ್ಮಕ್ಕಳ ಕಾಲಕ್ಕೂ ಇದು ಹೀಗೇ ಇರುತ್ತೆ. ನಿಧಾನಕ್ಕೆ ಕಟ್ಟೋಣ" ಎಂದರು. ಪಂಚೆಯ ಕಲೆ ತೋರಿಸಿ ತೋರಿಸಿ ಈ ಕಂಬಿ ತರಿಸಿದವಳು ನಾನೇ ತಾನೆ.

ಆದರೂ ಒಂದು ಸಂಜೆ ದೇವರು ಕಣ್ಣುಬಿಟ್ಟ. ಯಜಮಾನರು ಆಫೀಸಿನಿಂದ ಬಂದವರೇ, "ಈ ಕಂಬೀನ ಬಹಳ ದಿನ ಬಿಸಿಲಿಗೆ ಬಿಡಬಾರದಂತೆ" ಎಂದರು ಸಪ್ಪಗೆ.

"ಹಾಗಾದ್ರೆ ಬೇಗ ಕಾಂಕ್ರೀಟು ಹಾಕಿಸಿ, ಕೋಣೆ ಎಬ್ಬಿಸಿಬಿಡಿ" ಎಂದೆ.

ಅವರು ತಾರಸಿಗೆ ಹೋಗಿ ನೋಡಿ ಬಂದು, "ನಿನ್ನ ಹಳೇ ಸೀರೆ ಇದ್ರೆ ಕೊಡು" ಎಂದರು.

ಈಗ ನಮ್ಮ ತಾರಸಿಯ ಮೂಲೆಮೂಲೆಯಲ್ಲಿ ಸೀರೆ ಸುತ್ತಿದ ಕಂಬಿಗಳು ಆರತಿಗೆ ನಿಂತ ಮುತ್ತೈದೆಯರ ಹಾಗೆ ನಿಂತಿವೆ. ಬಣ್ಣ ಮಾಸಿದರೆ ನಾನೇ ಹೋಗಿ ಬೇರೆ ಉಡಿಸಿ ಬರುತ್ತೇನೆ. ಮೊನ್ನೆ ಗಾಂಧಿಬಜಾರಿನಲ್ಲಿ ಸೀರೆ ಆರಿಸುತ್ತಿದ್ದಾಗ ಅಂಗಡಿಯವರು, "ಯಾರಿಗಮ್ಮಾ, ನಿಮಗೇನಾ?" ಎಂದು ಕೇಳಿದರು. ನಾನು ಬಿಸಿಲು ತಡೆದೀತೇ ಎಂದು ಸೆರಗನ್ನು ಬೆಳಕಿಗೆ ಹಿಡಿದು, "ಮೊದಲು ನನಗೆ" ಎಂದೆ.